ಕಿರೀಟ ಯಾರ ತಲೆಗೆ: ಕನ್ನಡದ ರೂಪಕ ಕಥೆಗಳೊಳಗಿನ ರಾಜಕೀಯ ಚರಿತ್ರೆ

ಕನಕಪುರ ರಸ್ತೆಯ ಜರಗನಹಳ್ಳಿ ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಊರು. ಈಗ ಅದು ಜೆ.ಪಿ. ನಗರದ ಬಡಾವಣೆಗಳ ನಡುವೆ ಹೆಸರಿನಲ್ಲಷ್ಟೇ ಹಳ್ಳಿಯಾಗಿ ಉಳಿದಿದೆ. ಪಕ್ಕದ ಬಡಾವಣೆಯ ಹೆಸರಿನಲ್ಲಿ, ಹತ್ತಿರದ ಮೆಟ್ರೊ ನಿಲ್ದಾಣದ ಫಲಕದಲ್ಲಿ ಇರುವವರು ಜಯಪ್ರಕಾಶ ನಾರಾಯಣ್. 1975ರ ತುರ್ತುಪರಿಸ್ಥಿತಿಗೆ ಮುನ್ನ ಇಂದಿರಾ ಗಾಂಧಿಯವರ ಸರ್ಕಾರಕ್ಕೆ ಎದುರಾಗಿ ನಿಂತು, ಅದರ ಮೊದಲ ರಾತ್ರಿಯೇ ಬಂಧನಕ್ಕೊಳಗಾದವರು. ಅದೇ ಜೆ.ಪಿ. ನಗರದ ಎರಡನೇ ಹಂತದಲ್ಲಿ 2004ರಿಂದ ರಂಗಶಂಕರ ಎಂಬ ರಂಗಮಂದಿರ ನಡೆಯುತ್ತಿದೆ. ರಾಜಕೀಯದ ನೆನಪು ಊರಿನಲ್ಲಿ ಉಳಿಯುವ ಎರಡು ಬಗೆಗಳು ಹೀಗೆ ಅಕ್ಕಪಕ್ಕದಲ್ಲೇ ಇವೆ. ಬಡಾವಣೆಗೆ ನಾಯಕನ ಹೆಸರಿಟ್ಟರೆ ಗೌರವ ಸಲ್ಲುತ್ತದೆ, ಆದರೆ ಅವನು ಯಾರ ಜೊತೆ ಏತಕ್ಕಾಗಿ ಜಗಳವಾಡಿದ ಎಂಬುದು ಫಲಕದಲ್ಲಿ ಇರುವುದಿಲ್ಲ. ರಂಗದ ಮೇಲಿನ ಕಥೆ ಬೇರೆ ಯಾವುದೋ ಕಾಲದ, ಬೇರೆ ಯಾರದೋ ಮಾತಾಡುತ್ತಿರುವಂತೆ ತೋರಿಸಿಕೊಂಡು ಆ ಜಗಳವನ್ನೇ ಹೇಳಿಬಿಡುತ್ತದೆ. ಒಂದನ್ನು ಹೇಳುತ್ತ ಇನ್ನೊಂದನ್ನು ತಿಳಿಸುವ ಈ ರೂಪಕ ಕಥೆಗಳಿಂದ ಚರಿತ್ರೆ ಕಲಿಯಬಹುದೇ, ಕಲಿಯಬಹುದಾದರೆ ಹೇಗೆ ಎಂಬುದು ಇಲ್ಲಿನ ಪ್ರಶ್ನೆ.

ಇಂಥ ಕಥೆಗಳನ್ನು ಓದುವ ರೂಢಿಯ ಕ್ರಮವೆಂದರೆ ಗುರುತು ಹಚ್ಚುವುದು. ಈ ಪಾತ್ರ ಆ ಮಂತ್ರಿ, ಈ ಹಂದಿ ಆ ಸರ್ವಾಧಿಕಾರಿ ಎಂದು ಪಟ್ಟಿ ಮಾಡಿ ಮುಗಿಸುವುದು. ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಈ ಬಗೆಯ ಓದಿಗೆ ಒಗ್ಗುವ ಪುಸ್ತಕ: ನೆಪೋಲಿಯನ್ ಎಂಬ ಹಂದಿ ಸ್ಟಾಲಿನ್, ಸ್ನೋಬಾಲ್ ಟ್ರಾಟ್‌ಸ್ಕಿ. ಸೋವಿಯತ್ ದೇಶ ಯುದ್ಧದಲ್ಲಿ ಬ್ರಿಟನ್ನಿನ ಮಿತ್ರನಾಗಿದ್ದಾಗ ಹಲವು ಪ್ರಕಾಶಕರು ಆ ಹಸ್ತಪ್ರತಿಯನ್ನು ವಾಪಸು ಕಳಿಸಿದರು; 1945ರ ಆಗಸ್ಟ್‌ವರೆಗೆ ಅದು ಅಚ್ಚಾಗಲಿಲ್ಲ. ಆದರೆ ಗುರುತು ಹಚ್ಚುವ ಓದಿಗೆ ಒಂದು ದೊಡ್ಡ ಕೊರತೆ ಇದೆ. ನಮಗೆ ಮೊದಲೇ ಗೊತ್ತಿರುವ ಚರಿತ್ರೆಯನ್ನಷ್ಟೇ ಅದು ಮತ್ತೆ ನಮ್ಮ ಕೈಗಿಡುತ್ತದೆ. ಸ್ಟಾಲಿನ್ ಯಾರೆಂದು ತಿಳಿದವರಿಗಷ್ಟೇ ನೆಪೋಲಿಯನ್ ಸ್ಟಾಲಿನ್ ಆಗಿ ಕಾಣುತ್ತಾನೆ. ಕನ್ನಡದ ರೂಢಿ ಇನ್ನೊಂದು ದಾರಿಯದು. ಇಲ್ಲಿನ ಕವಿಗಳು, ನಾಟಕಕಾರರು ಹೊಸ ಪ್ರಾಣಿಕಥೆ ಕಟ್ಟುವುದಕ್ಕಿಂತ ಹೆಚ್ಚಾಗಿ ಎಲ್ಲರ ಬಾಯಲ್ಲಿರುವ ಭಾರತವನ್ನೋ ರಾಮಾಯಣವನ್ನೋ ಬಸವಣ್ಣನ ಕಲ್ಯಾಣದ ಕಥೆಯನ್ನೋ ಎತ್ತಿಕೊಂಡು ಅದನ್ನು ತಮ್ಮ ಕಾಲಕ್ಕೆ ಒಗ್ಗಿಸಿದ್ದಾರೆ. ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಬಿಚ್ಚಿ ಇನ್ನೊಬ್ಬರಿಗೆ ಹೊಲಿದರೆ ಹೊಸಬರ ಮೈಕಟ್ಟು ತಿಳಿಯುವುದು ಆ ಮರುಹೊಲಿಗೆಯಲ್ಲೇ. ಹಾಗೆಯೇ ರೂಪಕದಲ್ಲಿ ಕಾಲದ ರಾಜಕೀಯ ಹೆಚ್ಚು ಸ್ಪಷ್ಟವಾಗಿ ಕಾಣುವುದು ಹೋಲಿಕೆ ಕೂಡಿಬಾರದೆ ಲೇಖಕ ಮೂಲಕಥೆಯನ್ನೇ ತಿದ್ದಿದ ಕಡೆ ಎಂಬುದು ನನ್ನ ವಾದ. ಆ ತಿದ್ದುಪಡಿಯ ಹಿಂದೆ ಆ ಕಾಲದವರು ನೇರವಾಗಿ ಕೇಳಲಾರದೆ ಹೋದ ಒಂದು ಪ್ರಶ್ನೆ ಇರುತ್ತದೆ.

ಕನ್ನಡದಲ್ಲಿ ಇದಕ್ಕೆ ಮೊದಲ ದೊಡ್ಡ ಸಾಕ್ಷಿ ಪಂಪ. ಅವನ ‘ವಿಕ್ರಮಾರ್ಜುನ ವಿಜಯ’ಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಕಾಲ ಕ್ರಿ.ಶ. 941ರ ಆಸುಪಾಸು. ಆಶ್ರಯದಾತನಾದ ವೇಮುಲವಾಡದ ಚಾಲುಕ್ಯ ಇಮ್ಮಡಿ ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಪಂಪ ಅವನನ್ನು ಅರ್ಜುನನ ಜೊತೆ ಒಂದಾಗಿಸಿ, ಅವನ ಬಿರುದುಗಳನ್ನೆಲ್ಲ ಪಾಂಡವ ಮಧ್ಯಮನಿಗೆ ತೊಡಿಸುತ್ತಾನೆ. ಇಷ್ಟೇ ಆಗಿದ್ದರೆ ಅದು ಆಸ್ಥಾನದ ಹೊಗಳಿಕೆಯಾಗಿ ನಿಲ್ಲುತ್ತಿತ್ತು. ಆದರೆ ಅರ್ಜುನನನ್ನು ಅರಿಕೇಸರಿ ಮಾಡಿದ ಮೇಲೆ ವ್ಯಾಸರ ಕಥೆ ಹಾಗೆಯೇ ಉಳಿಯುವಂತಿರಲಿಲ್ಲ. ಐವರ ಹೆಂಡತಿಯಾದ ದ್ರೌಪದಿ ಪಂಪನಲ್ಲಿ ಅರ್ಜುನನೊಬ್ಬನ ಹೆಂಡತಿಯಾಗುತ್ತಾಳೆ. ಯುದ್ಧ ಮುಗಿದಾಗ ಪಟ್ಟ ಕಟ್ಟಿಸಿಕೊಳ್ಳುವವನು ಧರ್ಮರಾಯನಲ್ಲ, ಸುಭದ್ರೆಯೊಡನೆ ಕುಳಿತ ಅರ್ಜುನ. ಈ ಬದಲಾವಣೆಗಳು ಎಲ್ಲ ಕಡೆಯೂ ನುಣ್ಣಗೆ ಕೂಡಿಕೊಂಡಿಲ್ಲ. ದ್ರೌಪದಿ ಅರ್ಜುನನವಳಾದರೂ ಅವಳ ಮುಡಿ ಹಿಡಿದೆಳೆದ ಅವಮಾನಕ್ಕೆ ಸೇಡು ತೀರಿಸುವ ಪ್ರತಿಜ್ಞೆ ಭೀಮನದೇ ಆಗಿ ಉಳಿದಿದೆ. ಕೌರವರ ರಾಜ್ಯವೇ ಈ ಮುಡಿಯಲ್ಲಿ ಮುಳುಗಿತು ಎನ್ನುವಷ್ಟು ದೊಡ್ಡ ಮಾತನ್ನು ಆಡಿ ಆ ಕೂದಲನ್ನು ಕಟ್ಟುವವನೂ ಭೀಮನೇ. ಹಳೆಯ ಕಥೆಯ ತೂಕ ಹೊಸ ಏರ್ಪಾಡಿನ ಕೈಮೀರಿ ಹೋದ ಜಾಗ ಅದು.

ಹಿರಿಯನ ಕಿರೀಟ ಕಿರಿಯನ ತಲೆಗೆ ಹೋದದ್ದು ಏಕೆ ಎಂದು ಕೇಳಿದರೆ ಹತ್ತನೇ ಶತಮಾನದ ದಖ್ಖನ್ನಿನ ರಾಜಕೀಯವೇ ಎದುರಿಗೆ ಬರುತ್ತದೆ. ರಾಷ್ಟ್ರಕೂಟ ಚಕ್ರವರ್ತಿ ನಾಲ್ವಡಿ ಗೋವಿಂದನನ್ನು ಪಂಪ ಗೊಜ್ಜಿಗ ಎಂದು ಕರೆಯುತ್ತಾನೆ. ಅವನಿಗೆ ಬೇಡವಾದ ವಿಜಯಾದಿತ್ಯನಿಗೆ ಅರಿಕೇಸರಿ ಆಸರೆ ಕೊಟ್ಟದ್ದು, ಆಮೇಲೆ ಗೊಜ್ಜಿಗನನ್ನು ಇಳಿಸಿ ಬದ್ದೆಗನಿಗೆ ರಾಜ್ಯ ಕೊಡಿಸಿದ್ದು, ಎರಡನ್ನೂ ಕಾವ್ಯದೊಳಗೇ ಬಿಡಿಸಿ ಹೇಳುತ್ತಾನೆ. ಇದು ಕವಿಯ ಉತ್ಪ್ರೇಕ್ಷೆ ಇರಬಹುದೇ ಎಂದು ಅನುಮಾನಿಸುವವರಿಗೆ ಹೊರಗಿನ ಸಾಕ್ಷಿಯೂ ಇದೆ. ಬದ್ದೆಗನ ಮಗ ಮುಮ್ಮಡಿ ಕೃಷ್ಣನ ದೇವಳಿ ತಾಮ್ರಪಟ, ತನ್ನ ತಂದೆ ಸಾಮಂತರು ಬೇಡಿಕೊಂಡ ಮೇಲೆ ಸಿಂಹಾಸನ ಏರಿದ ಎಂದು ಹೇಳುತ್ತದೆ. ಅಂದರೆ ಸಾಮಂತರು ಚಕ್ರವರ್ತಿಯನ್ನು ಇಳಿಸಿ ಇನ್ನೊಬ್ಬನನ್ನು ಕೂರಿಸಿದ ಕಾಲ ಅದು. ಅರಿಕೇಸರಿಯ ಬಿರುದುಗಳಲ್ಲಿ ಒಂದು ಸಾಮಂತಚೂಡಾಮಣಿ. ಪಂಪನ ಭಾರತದಲ್ಲಿ ಆ ಬಿರುದಿನವನೇ ಸಾರ್ವಭೌಮನಾಗುತ್ತಾನೆ. ಹಕ್ಕಿನಿಂದ ರಾಜನಾಗಬೇಕಾದವನು ಪಕ್ಕಕ್ಕೆ ಸರಿದು ತೋಳಬಲದಿಂದ ಗೆದ್ದವನು ಪಟ್ಟವೇರುತ್ತಾನೆ. ಸಾಮಂತನೊಬ್ಬ ತನ್ನ ದೊರೆಯ ಎದುರು ಬಾಯಿಬಿಟ್ಟು ಹೇಳಲಾಗದ ಮಾತು ಇದು: ಯುದ್ಧ ನಮ್ಮದು, ಸಿಂಹಾಸನ ಮಾತ್ರ ನಿಮ್ಮದೇ?

ಒಂದು ಕಾವ್ಯದಲ್ಲಿ ಮಾತ್ರ ಹೀಗಾಗಿದ್ದರೆ ಆಕಸ್ಮಿಕ ಎನ್ನಬಹುದಿತ್ತು. ಅದೇ ಶತಮಾನ ಕೊನೆಯಾಗುವ ಹೊತ್ತಿಗೆ ರನ್ನ ಅದೇ ಕೆಲಸವನ್ನು ಇನ್ನೊಬ್ಬ ತಮ್ಮನಿಗಾಗಿ ಮಾಡುತ್ತಾನೆ. ‘ಸಾಹಸಭೀಮ ವಿಜಯ’ ಅಥವಾ ‘ಗದಾಯುದ್ಧ’ದಲ್ಲಿ ಭೀಮನೆಂದರೆ ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗ, ಕೊನೆಗೆ ದ್ರೌಪದಿಯೊಡನೆ ಪಟ್ಟಕ್ಕೆ ಕೂರುವವನೂ ಭೀಮ. ಸತ್ಯಾಶ್ರಯನ ತಂದೆ ತೈಲಪ ರಾಷ್ಟ್ರಕೂಟರ ಸಾಮಂತನಾಗಿದ್ದು 973ರಲ್ಲಿ ಅವರ ರಾಜ್ಯವನ್ನೇ ಕೈವಶ ಮಾಡಿಕೊಂಡವನು. ವೇಮುಲವಾಡದ ಆಸ್ಥಾನದಲ್ಲಿ ಕಾವ್ಯದ ಆಸೆಯಾಗಿ ಮೂಡಿದ್ದು ತೈಲಪನ ಕೈಯಲ್ಲಿ ರಾಜ್ಯದ ಚರಿತ್ರೆಯಾಯಿತು. ಆದರೂ ಎರಡು ಕಾವ್ಯಗಳೂ ಧರ್ಮರಾಯನಿಗೆ ಪಟ್ಟ ತಪ್ಪಿಸಿದವು ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ, ಪಟ್ಟ ಹುಟ್ಟಿದವನದೋ ಗೆದ್ದವನದೋ ಎಂಬ ಪ್ರಶ್ನೆ ಕನ್ನಡ ನಾಡಿನ ಆಸ್ಥಾನಗಳಲ್ಲಿ ಅರ್ಧ ಶತಮಾನದ ಮೇಲೂ ಬಿಸಿಯಾಗಿಯೇ ಇತ್ತು ಎಂದು ಹೇಳಲು ಅಡ್ಡಿಯಿಲ್ಲ. ಶಾಸನಗಳು ಯಾರು ಯಾರ ಮಗ, ಯಾರು ಯಾರನ್ನು ಗೆದ್ದ ಎಂದು ಹೇಳುತ್ತವೆ. ಗೆದ್ದವನು ತನ್ನ ಗೆಲುವನ್ನು ನ್ಯಾಯವೆಂದು ಒಪ್ಪಿಸಲು ಎಷ್ಟು ತಿಣುಕಬೇಕಾಯಿತು ಎಂಬುದು ಕಾವ್ಯದಲ್ಲಿ ಸಿಗುತ್ತದೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಅನ್ನ ಕೊಟ್ಟ ದೊರೆಯನ್ನು ಕೊಂಡಾಡಲು ಬರೆದ ಕಾವ್ಯವನ್ನು ಚರಿತ್ರೆಯ ಸಾಕ್ಷಿ ಎಂದು ಹೇಗೆ ನಂಬುವುದು? ಪಂಪನಿಗೆ ಧರ್ಮವುರವೆಂಬ ಅಗ್ರಹಾರ ಸಿಕ್ಕಿತು, ರನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಸಿಕ್ಕಿತು. ಹೊಗಳಿಕೆಗೆ ಬೆಲೆ ಕಟ್ಟಿದ ಮೇಲೆ ಅದರಲ್ಲಿ ನಿಜ ಎಷ್ಟು ಉಳಿದೀತು? ಆಕ್ಷೇಪ ಸರಿಯೇ, ಆದರೆ ಅದು ಹೋಲಿಕೆಗಷ್ಟೇ ತಗಲುತ್ತದೆ. ಹಣ ಪಡೆದ ಹೊಗಳಿಕೆ ಎಲ್ಲಿ ತನ್ನ ಹದ್ದು ಮೀರಿತು ಎಂದು ನೋಡಬೇಕು. ಪಂಪ ತನ್ನ ನಾಯಕನ ವೈರಿಯಾದ ಕರ್ಣನ ಸಾವಿನ ಹೊತ್ತಿಗೆ, ಭಾರತದಲ್ಲಿ ನೆನೆಯುವುದಾದರೆ ಇವನನ್ನೇ ನೆನೆಯಿರಿ ಎನ್ನುವಷ್ಟು ಮನಸೋಲುತ್ತಾನೆ. ಕಾವ್ಯದ ಕೊನೆಯಲ್ಲಿ ಭಾರತಕ್ಕೆ ಹೆಸರು ತಂದವರ ಗುಣಗಳನ್ನು ಎಣಿಸುವಾಗ ಅವನ ಪಟ್ಟಿ ಶುರುವಾಗುವುದು ಛಲದ ದುರ್ಯೋಧನನಿಂದ. ರನ್ನನ ದುರ್ಯೋಧನ ಹೆಣಗಳು ತುಂಬಿದ ರಣರಂಗದಲ್ಲಿ ಸಂಜಯನ ಜೊತೆ ನಡೆಯುತ್ತ, ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು, ತನಗೂ ಇಂಥ ಸಾವು ಬರಲಿ ಎಂದು ಹಾರೈಸುತ್ತಾನೆ. ಆಶ್ರಯದಾತನಿಗೆ ಇದರಿಂದ ಏನೂ ಲಾಭವಿಲ್ಲ. ಬಿದ್ದವನಿಗೂ ಒಂದು ಘನತೆ ಇದೆ ಎಂದು ಗೆದ್ದವನ ಆಸ್ಥಾನದಲ್ಲೇ ಓದಿ ಹೇಳಬಹುದಾಗಿತ್ತು ಎಂಬುದು ಆ ಆಸ್ಥಾನಗಳ ಬಗ್ಗೆ ಯಾವ ಶಾಸನವೂ ತಿಳಿಸದ ಸಂಗತಿ. ಚಕ್ರವರ್ತಿಗಳು ಬೇಗ ಬೇಗ ಬೀಳುತ್ತಿದ್ದ ಕಾಲದಲ್ಲಿ ಸೋತವನ ಕಥೆ ಕೇಳುವವರಿಗೂ ಹತ್ತಿರದ್ದೇ ಆಗಿತ್ತು.

ಎರಡನೆಯ ಆಕ್ಷೇಪ ಇದಕ್ಕೆ ವಿರುದ್ಧ ದಿಕ್ಕಿನಿಂದ ಬರುತ್ತದೆ. ಆಸ್ಥಾನದ ಕವಿ ಮೂಲವನ್ನು ತಿದ್ದಿದ್ದು ಕಾವ್ಯದ ಅಲಂಕಾರಕ್ಕಾಗಿ, ಅದರಲ್ಲಿ ರಾಜಕೀಯ ಹುಡುಕುವುದು ನಮ್ಮ ಕಾಲದ ರೋಗ ಎಂಬುದು ಅದು. ಹನ್ನೊಂದನೇ ಶತಮಾನದಲ್ಲಿ ಕನ್ನಡದಲ್ಲಿ ‘ಪಂಚತಂತ್ರ’ ಬರೆದ ದುರ್ಗಸಿಂಹನನ್ನು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅವನು ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿ, ಯಾವ ರಾಜನೊಡನೆ ಸಂಧಿ, ಯಾರ ಮೇಲೆ ಯುದ್ಧ ಎಂಬ ಲೆಕ್ಕ ಇಡುವ ಅಧಿಕಾರಿ. ಸಿಂಹಕ್ಕೂ ಎತ್ತಿಗೂ ಇದ್ದ ಗೆಳೆತನವನ್ನು ನರಿಯೊಂದು ಚಾಡಿ ಹೇಳಿ ಮುರಿಯುವ ಕಥೆ ಅವನ ಕೈಗೆ ಬಂದಾಗ ಅದು ಬರೀ ಮಕ್ಕಳ ಕಥೆಯಾಗಿ ಉಳಿಯಲಾರದು. ಕಾಡಿನ ಆಸ್ಥಾನದಲ್ಲಿ ಯಾವ ಚಾಲುಕ್ಯ ಮಂತ್ರಿಯ ಹೆಸರೂ ಇಲ್ಲದಿರಬಹುದು, ಆದರೆ ದೊರೆಯ ಕಿವಿಗೆ ಹತ್ತಿರವಿರುವವನು ಎಂಥ ಅಪಾಯ ಎಂಬುದು ಅದನ್ನು ಬರೆದವನಿಗೆ ದಿನದ ಕಚೇರಿಯ ವಿಷಯ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಆಶ್ರಯದಾತ ಮಾಯವಾಗುತ್ತಾನೆ, ತಿದ್ದುವ ರೂಢಿ ಮುಂದುವರಿಯುತ್ತದೆ. 1944ರಲ್ಲಿ ಬಂದ ಕುವೆಂಪು ಅವರ ‘ಶೂದ್ರ ತಪಸ್ವಿ’ ಉತ್ತರ ರಾಮಾಯಣದ ಶಂಬೂಕನ ಕಥೆ. ಮೂಲದಲ್ಲಿ ಬ್ರಾಹ್ಮಣನ ಮಗ ಸಾಯುತ್ತಾನೆ, ಶೂದ್ರನೊಬ್ಬ ತಪಸ್ಸು ಮಾಡುತ್ತಿರುವುದೇ ಅದಕ್ಕೆ ಕಾರಣವೆನ್ನುತ್ತಾರೆ, ರಾಮ ಆ ತಪಸ್ವಿಯ ತಲೆ ಕಡಿಯುತ್ತಾನೆ, ಮಗು ಬದುಕುತ್ತದೆ. ಕುವೆಂಪು ಅವರಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನಿಗೆ ನಮಿಸಿ, ಹಿಂದಿರುಗಿ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಬರುತ್ತದೆ. ಅವನು ತನ್ನ ತಪ್ಪು ಅರಿತು ತಪಸ್ವಿಗೆ ತಲೆಬಾಗಿದ ಮೇಲೆ ಮಗು ಏಳುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಇದನ್ನು ಒಪ್ಪಲಿಲ್ಲ. ಹೊಸ ಭಾವನೆಗೆ ಹೊಸ ಕಥೆ ಕಟ್ಟಿಕೊಳ್ಳಬೇಕು, ಪುರಾಣವನ್ನು ಬದಲಿಸಬಾರದು ಎಂಬುದು ಅವರ ನಿಲುವಿನ ಸಾರ. ಕುವೆಂಪು ಅದಕ್ಕೆ ಉತ್ತರ ಕೊಟ್ಟರು. ಸಾಹಿತ್ಯ ವಿಮರ್ಶೆಯಂತೆ ಕಾಣುವ ಈ ವಾಗ್ವಾದದ ಹಿಂದೆ ಮೈಸೂರು ಸಂಸ್ಥಾನದ ಕಾಲು ಶತಮಾನದ ರಾಜಕೀಯ ಇತ್ತು. ಶಾಲೆ, ಕಾಲೇಜು, ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂಬ ಒತ್ತಾಯ ಬಂದಾಗ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಅದರ ವರದಿಯ ಮೇಲೆ ಹಿಂದುಳಿದವರಿಗೆ ಆದ್ಯತೆ ಕೊಡುವ ಆದೇಶ ಬಂತು. ಕಲಿಯುವ ಹಕ್ಕು ಯಾರದು ಎಂಬ ಪ್ರಶ್ನೆಗೆ ಸಮಿತಿ ಹುದ್ದೆಗಳ ಲೆಕ್ಕದಲ್ಲಿ ಉತ್ತರ ಹುಡುಕಿತು. ಅರ್ಹತೆಯ ಹೆಸರಿನಲ್ಲಿ ಎದ್ದ ದೂರು ಯಾರ ಕಡೆಗೆ ತಿರುಗಬೇಕು ಎಂಬುದಕ್ಕೆ ನಾಟಕ ಉತ್ತರ ಹೇಳಿತು. ರಾಮನನ್ನು ಖಳನನ್ನಾಗಿ ಮಾಡದೆ, ಅವನ ಬಾಣಕ್ಕಷ್ಟೇ ವಿವೇಕ ಕೊಟ್ಟದ್ದನ್ನೂ ಗಮನಿಸಬೇಕು. ಅರಸನನ್ನು ಗೌರವಿಸುತ್ತಲೇ ವ್ಯವಸ್ಥೆಯನ್ನು ಪ್ರಶ್ನಿಸಿದ ಹಳೆ ಮೈಸೂರಿನ ಬ್ರಾಹ್ಮಣೇತರ ರಾಜಕೀಯದ ಧಾಟಿಯೇ ಅದು.

ರೂಪಕದ ಮಾತು ಬಂದಾಗ ಕನ್ನಡದಲ್ಲಿ ಎಲ್ಲರೂ ಮೊದಲು ಹೆಸರಿಸುವುದು ಗಿರೀಶ ಕಾರ್ನಾಡರ ‘ತುಘಲಕ್’. 1964ರಲ್ಲಿ, ನೆಹರೂ ತೀರಿಕೊಂಡ ವರ್ಷವೇ ಬಂದ ಈ ನಾಟಕವನ್ನು ನೆಹರೂ ಯುಗದ ಭ್ರಮನಿರಸನ ಎಂದು ಓದುವುದು ವಾಡಿಕೆ. ಕಾರ್ನಾಡರೂ ಆ ಸಾಮ್ಯವನ್ನು ಒಪ್ಪಿ ಮಾತಾಡಿದ್ದಾರೆ. ಆದರ್ಶವಾದಿ ದೊರೆ, ದೊಡ್ಡ ಕನಸು, ಎರಡು ದಶಕದೊಳಗೆ ಎಲ್ಲ ಕುಸಿದದ್ದು, ಹೋಲಿಕೆ ಅಲ್ಲಿಯವರೆಗೆ ಸರಿ. ಅಲ್ಲಿಂದಾಚೆಗೆ ಅದು ತಡವರಿಸುತ್ತದೆ. ತಂದೆಯನ್ನೂ ತಮ್ಮನನ್ನೂ ಕೊಂದ ಆರೋಪ ಹೊತ್ತ, ಮಲತಾಯಿಯನ್ನು ಕಲ್ಲು ಹೊಡೆಸಿ ಕೊಲ್ಲಿಸುವ ಸುಲ್ತಾನನಿಗೂ ಚುನಾವಣೆಗಳ ಮೇಲೆ ಚುನಾವಣೆ ನಡೆಸಿದ ಪ್ರಧಾನಿಗೂ ಏನು ಸಂಬಂಧ? ಗುರುತು ಹಚ್ಚುವ ಓದು ಇಲ್ಲಿ ಉತ್ತರವಿಲ್ಲದೆ ನಿಲ್ಲುತ್ತದೆ. ನಾಟಕಕಾರರು ಚರಿತ್ರೆಗೆ ಏನು ಸೇರಿಸಿದರು ಎಂದು ಕೇಳಿದರೆ ದಾರಿ ತೆರೆಯುತ್ತದೆ. ಸುಲ್ತಾನ, ಚರಿತ್ರೆಕಾರ ಬರನಿ, ದೌಲತಾಬಾದಿಗೆ ಹೊರಟ ರಾಜಧಾನಿ, ತಾಮ್ರದ ನಾಣ್ಯ ಇವೆಲ್ಲ ಚರಿತ್ರೆಯಲ್ಲಿ ಇದ್ದವು. ಇಲ್ಲದೇ ಇದ್ದವನು ಅಜೀಜ.

ಅಜೀಜ ಕಸುಬಿನಲ್ಲಿ ಅಗಸ. ಸುಲ್ತಾನನ ರಾಜ್ಯದಲ್ಲಿ ಪ್ರಜೆಯೂ ಸರ್ಕಾರದ ಮೇಲೆ ದಾವೆ ಹೂಡಿ ಗೆಲ್ಲಬಹುದು ಎಂಬ ಹೊಸ ಕಾನೂನು ಬಂದದ್ದೇ ತಡ, ಅವನು ವಿಷ್ಣುಪ್ರಸಾದನೆಂಬ ಬ್ರಾಹ್ಮಣನ ವೇಷ ಹಾಕಿ ಸುಲ್ತಾನನ ಮೇಲೆಯೇ ಜಮೀನಿನ ದಾವೆ ಹೂಡುತ್ತಾನೆ. ನ್ಯಾಯ ಅವನ ಕಡೆ ಆಗುತ್ತದೆ, ಐನೂರು ಬೆಳ್ಳಿಯ ದಿನಾರ್ ಪರಿಹಾರವೂ ಸರ್ಕಾರಿ ನೌಕರಿಯೂ ಸಿಗುತ್ತವೆ. ದೌಲತಾಬಾದಿನ ದಾರಿಯಲ್ಲಿ ಅಧಿಕಾರಿಯಾದ ಅವನು, ಸಾಯುತ್ತಿರುವ ಮಗುವನ್ನು ಹಕೀಮನ ಬಳಿ ಒಯ್ಯಲು ಬೇಡುವ ತಾಯಿಗೂ ಲಂಚವಿಲ್ಲದೆ ದಾರಿ ಬಿಡುವುದಿಲ್ಲ. ತಾಮ್ರದ ನಾಣ್ಯ ಬಂದಾಗ ಖೋಟಾ ನಾಣ್ಯ ಹೊಡೆಯುತ್ತಾನೆ. ಕೊನೆಗೆ ಸಿಕ್ಕಿಬಿದ್ದಾಗಲೂ ಸುಲ್ತಾನನೆದುರು ನಿಂತು, ನಿಮ್ಮ ಪ್ರತಿಯೊಂದು ಯೋಜನೆಯನ್ನೂ ಅಕ್ಷರಶಃ ನಂಬಿ ನಡೆದ ನಿಜವಾದ ಶಿಷ್ಯ ನಾನೇ ಎಂಬ ಧಾಟಿಯಲ್ಲಿ ವಾದಿಸಿ ದಖ್ಖನ್ನಿನಲ್ಲಿ ಹುದ್ದೆ ಗಿಟ್ಟಿಸುತ್ತಾನೆ. ಖೋಟಾ ನಾಣ್ಯದ ವಿಷಯದಲ್ಲಿ ಕಾರ್ನಾಡರ ತಿದ್ದುಪಡಿ ಇನ್ನೂ ಸೂಕ್ಷ್ಮ. ಸರ್ಕಾರ ಬೆಳ್ಳಿ ಕೊಟ್ಟು ವಾಪಸು ಪಡೆದ ತಾಮ್ರದ ನಾಣ್ಯಗಳು ತುಘಲಕಾಬಾದಿನಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವು ಎಂದು ಬರನಿ ಬರೆದಿದ್ದಾನೆ. ನಾಟಕದಲ್ಲಿ ಅದೇ ರಾಶಿ ಬೀಳುವುದು ಸುಲ್ತಾನ ಆಸೆಪಟ್ಟು ಮಾಡಿಸಿದ ಗುಲಾಬಿ ತೋಟದಲ್ಲಿ.

ಈ ಅಜೀಜನನ್ನು 1964ರ ಭಾರತಕ್ಕೆ ತಂದು ನಿಲ್ಲಿಸಿದರೆ ಅವನ ಗುರುತು ಸಿಗಲು ಕಷ್ಟವಿಲ್ಲ. ಪರ್ಮಿಟ್ಟು, ಲೈಸೆನ್ಸು, ಕೋಟಾಗಳ ರಾಜ್ಯವೆಂದು ರಾಜಾಜಿ ಟೀಕಿಸುತ್ತಿದ್ದ ಕಾಲ ಅದು. ಭ್ರಷ್ಟಾಚಾರ ತಡೆಯಲು ದಾರಿ ಹುಡುಕಲೆಂದು ಕೇಂದ್ರ ಸರ್ಕಾರ 1962ರಲ್ಲಿ ಕೆ. ಸಂತಾನಂ ಸಮಿತಿ ನೇಮಿಸಿತ್ತು. ಅದರ ಶಿಫಾರಸಿನಂತೆ ಕೇಂದ್ರ ಜಾಗೃತ ಆಯೋಗ ಹುಟ್ಟಿದ್ದು 1964ರಲ್ಲೇ. ಒಳ್ಳೆಯ ಉದ್ದೇಶದ ಪ್ರತಿಯೊಂದು ಯೋಜನೆಯೂ ಜಾಣನ ಕೈಯಲ್ಲಿ ಬಂಡವಾಳವಾಗುವ ಬಗೆಯನ್ನು ಸಮಿತಿ ವರದಿಯ ಭಾಷೆಯಲ್ಲಿ ಬರೆಯಿತು, ನಾಟಕ ಅದಕ್ಕೆ ಒಬ್ಬ ಮನುಷ್ಯನ ಮುಖ ಕೊಟ್ಟಿತು. ಸುಲ್ತಾನನ ಬದಲು ಅಜೀಜನನ್ನು ನಡುವಿಗಿಟ್ಟು ಓದಿದರೆ ‘ತುಘಲಕ್’ ಒಬ್ಬ ಪ್ರಧಾನಿಯ ಚಿತ್ರ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಸ್ವಾತಂತ್ರ್ಯಾನಂತರದ ಮೊದಲ ಎರಡು ದಶಕದಲ್ಲಿ ಕನಸು ಕಂಡವರಿಗೂ ಅದರ ಫಲ ಉಂಡವರಿಗೂ ನಡುವೆ ಬೆಳೆದ ಸಂಬಂಧದ ಚಿತ್ರ ಅದು.

ಇಲ್ಲಿ ಮೂರನೆಯ ಆಕ್ಷೇಪ ಎದುರಾಗುತ್ತದೆ. ರೂಪಕವನ್ನು ಯಾವ ಕಾಲಕ್ಕೆ ಬೇಕಾದರೂ ಹೊಂದಿಸಬಹುದಾದರೆ ಅದು ಯಾವ ಕಾಲದ ಸಾಕ್ಷಿಯೂ ಆಗದು. ಇಬ್ರಾಹಿಂ ಅಲ್ಕಾಜಿ 1970ರ ದಶಕದಲ್ಲಿ ದೆಹಲಿಯ ಪುರಾನಾ ಕಿಲಾದ ಹಳೆಯ ಗೋಡೆಗಳ ನಡುವೆ ‘ತುಘಲಕ್’ ಆಡಿಸಿದರು. ಇತ್ತ ಕನ್ನಡದಲ್ಲಿ ನಟರಂಗ ತಂಡದ ಸಿ.ಆರ್. ಸಿಂಹ ಅದೇ ದಶಕದಲ್ಲಿ ತುಘಲಕನಾಗಿ ಮನೆಮಾತಾದರು. 1975ರಲ್ಲಿ ತುರ್ತುಪರಿಸ್ಥಿತಿ ಬಂದ ಮೇಲೆ ಅದೇ ನಾಟಕದಲ್ಲಿ ಪ್ರೇಕ್ಷಕರಿಗೆ ಇಂದಿರಾ ಕಂಡರು. 1964ರಲ್ಲಿ ಬರೆದ ನಾಟಕಕ್ಕೆ 1975 ಗೊತ್ತಿರಲಾರದು, ನಿಜ. ಆದ್ದರಿಂದ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕೇಳಬೇಕು. ಬರೆದವರು ಮೂಲವನ್ನು ಎಲ್ಲಿ ತಿದ್ದಿದರು ಎಂಬುದು ಬರೆದ ಕಾಲದ ಚರಿತ್ರೆ. ನೋಡಿದವರು ಯಾವ ಮಾತಿಗೆ ತಟ್ಟನೆ ತಲೆದೂಗಿದರು ಎಂಬುದು ನೋಡಿದ ಕಾಲದ ಚರಿತ್ರೆ. ಪ್ರಾರ್ಥನೆಯ ವೇಳೆಯಲ್ಲಿ ತನ್ನನ್ನು ಕೊಲ್ಲಲು ಬಂದ ಮೇಲೆ ಸುಲ್ತಾನ ಪ್ರಾರ್ಥನೆಯನ್ನೇ ನಿಷೇಧಿಸುವ ದೃಶ್ಯ 1964ರಲ್ಲಿ ಕಥೆಯ ಒಂದು ತಿರುವು. ಪತ್ರಿಕೆಗಳಿಗೆ ಸೆನ್ಸಾರ್ ಬಿದ್ದು, ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದ ದಿನಗಳಲ್ಲಿ, ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಿಂದ ಕಾಯಿಲೆ ಹೊತ್ತು ಹೊರಬಂದು 1977ರ ಜನವರಿಯಲ್ಲಿ ಸತ್ತ ದಿನಗಳಲ್ಲಿ, ಅದೇ ದೃಶ್ಯ ಇನ್ನೊಂದೇ ಆಯಿತು. ಪಠ್ಯ ಬದಲಾಗಲಿಲ್ಲ, ಕೇಳುವವರ ಕಿವಿ ಬದಲಾಯಿತು, ಬದಲಾದ ಕಿವಿಯೂ ದಾಖಲೆಯೇ.

ಕೇಳುವವರಲ್ಲಿ ಸರ್ಕಾರವೂ ಸಮುದಾಯಗಳೂ ಇರುತ್ತವೆ ಎಂಬುದಕ್ಕೆ ಹನ್ನೆರಡನೇ ಶತಮಾನದ ಕಲ್ಯಾಣದ ಮೇಲಿನ ಕೃತಿಗಳೇ ಸಾಕ್ಷಿ. ಚಾಲುಕ್ಯರ ಸಾಮಂತನಾಗಿದ್ದು ಅವರ ಸಿಂಹಾಸನವನ್ನೇ ಹಿಡಿದ ಬಿಜ್ಜಳ, ಅವನ ಭಂಡಾರಿ ಬಸವಣ್ಣ, ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ಆದ ಮದುವೆ, ಅದರ ಬೆನ್ನಿಗೆ ಬಂದ ರಕ್ತಪಾತ. ಈ ಒಂದು ಕಥೆಯನ್ನು ಲಂಕೇಶ್ ‘ಸಂಕ್ರಾಂತಿ’ಯಲ್ಲಿ, ಎಚ್.ಎಸ್. ಶಿವಪ್ರಕಾಶ್ ‘ಮಹಾಚೈತ್ರ’ದಲ್ಲಿ, ಕಾರ್ನಾಡ್ ‘ತಲೆದಂಡ’ದಲ್ಲಿ ಎರಡು ದಶಕಗಳೊಳಗೆ ಎತ್ತಿಕೊಂಡರು. ಮಂದಿರ, ಮಂಡಲಗಳ ಜಗಳ ದೇಶವನ್ನು ಆವರಿಸುತ್ತಿದ್ದ ಹೊತ್ತಿನಲ್ಲಿ ‘ತಲೆದಂಡ’ ಬರೆದದ್ದಾಗಿ ಕಾರ್ನಾಡರೇ ಹೇಳಿಕೊಂಡಿದ್ದಾರೆ. ಅವರ ಬಿಜ್ಜಳ ತಾನು ಕ್ಷೌರಿಕರ ಕುಲದವನೆಂದೂ ಕ್ಷತ್ರಿಯನೆನಿಸಿಕೊಳ್ಳಲು ತಲೆಮಾರುಗಳ ದಾನ ಬೇಕಾಯಿತೆಂದೂ ಹೇಳಿಕೊಳ್ಳುತ್ತಾನೆ. ಸಿಂಹಾಸನ ಸಿಕ್ಕರೂ ಜಾತಿ ಬಿಡದು ಎಂಬ ಈ ಒತ್ತು 1990ರ ಮೀಸಲಾತಿ ಚರ್ಚೆಯಿಂದ ಬಂದ ತಿದ್ದುಪಡಿ. ‘ಮಹಾಚೈತ್ರ’ ವಿಶ್ವವಿದ್ಯಾಲಯದ ಪಠ್ಯವಾಗಿದ್ದಾಗ 1990ರ ದಶಕದ ನಡುವೆ ಪ್ರತಿಭಟನೆಗಳು ಎದ್ದು ಅದನ್ನು ಹಿಂತೆಗೆಯಲಾಯಿತು. ಪಿ.ವಿ. ನಾರಾಯಣರ ಕಾದಂಬರಿ ‘ಧರ್ಮಕಾರಣ’ವನ್ನು ರಾಜ್ಯ ಸರ್ಕಾರ ಮುಟ್ಟುಗೋಲು ಹಾಕಿತು, 2007ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಪೂಜಿಸುವ ವ್ಯಕ್ತಿಗಳ ಬದುಕನ್ನು ಕಲ್ಪನೆಗೆ ಎಳೆದರೆ ಭಕ್ತರಿಗೆ ನೋವಾಗುತ್ತದೆ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. ಆ ನೋವು ನಿಜದ್ದೇ. ಆದರೆ ಎಂಟು ಶತಮಾನ ಹಿಂದಿನ ಘಟನೆಯ ಮೇಲಿನ ಕಥೆಗೆ ನ್ಯಾಯಾಲಯದವರೆಗೆ ಹೋಗುವಷ್ಟು ಬಿಸಿ ಬಂತೆಂದರೆ ಜಗಳ ಹಳೆಯ ಕಲ್ಯಾಣದ್ದಾಗಿ ಉಳಿದಿರಲಿಲ್ಲ. ಬಸವಣ್ಣ ಯಾರಿಗೆ ಸೇರಿದವನು, ಅವನ ಕಥೆ ಹೇಳುವ ಹಕ್ಕು ಯಾರದು ಎಂಬುದು ಈ ಕಾಲದ ಕರ್ನಾಟಕದ ಪ್ರಶ್ನೆಯಾಗಿತ್ತು.

ರೂಪಕ ಯಾವಾಗಲೂ ನಡೆದದ್ದರ ಹಿಂದೆಯೇ ಬರಬೇಕೆಂದೂ ಇಲ್ಲ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ಬಿ.ವಿ. ಕಾರಂತರ ನಿರ್ದೇಶನದಲ್ಲಿ ರಂಗಕ್ಕೆ ಬಂದದ್ದು 1972ರಲ್ಲಿ. ಉತ್ತರ ಕರ್ನಾಟಕದ ಜೋಕುಮಾರ ಮಳೆ ಬೆಳೆಗಳ, ಸಂತಾನದ ದೇವರು. ಭಾದ್ರಪದದಲ್ಲಿ ಹುಟ್ಟಿ ಕೆಲವೇ ದಿನ ಮೆರೆದು ಸಾಯುವವನು. ಆ ಆಚರಣೆಯಲ್ಲಿ ಜಮೀನಿನ ಒಡೆತನದ ತಕರಾರು ಕಥೆಯ ಬೆನ್ನೆಲುಬಲ್ಲ. ಕಂಬಾರರು ಅದನ್ನು ತಂದು ಸೇರಿಸಿದರು. ಊರ ಹೊಲವನ್ನೆಲ್ಲ ತನ್ನದೆನ್ನುವ ಗೌಡ ಮಕ್ಕಳಾಗದವನು. ಉತ್ತ ನೆಲ ತನ್ನದೆನ್ನುವ ಬಸಣ್ಣನಿಂದ ಗೌಡತಿ ಬಸುರಾಗುತ್ತಾಳೆ. ಗೌಡನ ಆಳುಗಳು ಬಸಣ್ಣನನ್ನು ಕೊಲ್ಲುತ್ತಾರೆ, ಆದರೆ ಆಸ್ತಿಗೆ ವಾರಸುದಾರನಾಗಿ ಹುಟ್ಟಲಿರುವುದು ಅವನದೇ ಕುಡಿ. ಉಳುವವನೇ ಹೊಲದೊಡೆಯ ಎಂಬ ಮಾತು 1951ರ ಕಾಗೋಡು ಸತ್ಯಾಗ್ರಹದಿಂದ ನಾಡಿನಲ್ಲಿ ಹರಡಿತ್ತು. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ನಾಟಕ ನಿಂತಿರುವುದು ಈ ಎರಡರ ನಡುವೆ. ಅದು ಕಾನೂನನ್ನು ಊಹಿಸಿತು ಎಂದರೆ ಅತಿಯಾದೀತು. ಗೇಣಿದಾರ ಗೆಲ್ಲುವ ಮೊದಲು ಯಾರು ಸಾಯಬೇಕಾದೀತು ಎಂಬ ಲೆಕ್ಕವನ್ನು ಭೂನ್ಯಾಯ ಮಂಡಳಿಯ ಕಡತ ಇಡುವುದಿಲ್ಲ, ನಾಟಕ ಇಟ್ಟಿತು.

ಈ ಓದಿಗೆ ಮಿತಿಗಳೂ ಇವೆ. ರೂಪಕ ಇಸವಿ ಹೇಳದು, ಅಂಕಿ ಕೊಡದು, ಯುದ್ಧದಲ್ಲಿ ಯಾರು ಎಷ್ಟು ಮಂದಿ ಸತ್ತರೆಂದು ತಿಳಿಸದು. ದೇವಳಿಯ ತಾಮ್ರಪಟ ಇಲ್ಲದಿದ್ದರೆ ಅರಿಕೇಸರಿಯ ಪಟ್ಟಾಭಿಷೇಕದ ಅರ್ಥ ಅರ್ಧಕ್ಕೇ ನಿಲ್ಲುತ್ತಿತ್ತು. ಸಂತಾನಂ ಸಮಿತಿ, ಮಿಲ್ಲರ್ ಸಮಿತಿ ಇಲ್ಲದಿದ್ದರೆ ಅಜೀಜನೂ ಶಂಬೂಕನೂ ಬರೀ ಪಾತ್ರಗಳಾಗಿ ಉಳಿಯುತ್ತಿದ್ದರು. ಹೊರಗಿನ ಕಾಗದದ ಒತ್ತಾಸೆ ಇಲ್ಲದ ಕಡೆ ರೂಪಕದಿಂದ ಚರಿತ್ರೆ ಕಟ್ಟುವವನು ಗುರುತು ಹಚ್ಚುವವನಿಗಿಂತ ಮುಂದೆ ಹೋಗಲಾರ. ಅಷ್ಟೇ ಅಲ್ಲ, ನಮಗೆ ಉಳಿದು ಬಂದಿರುವುದು ಆಸ್ಥಾನ, ಅಚ್ಚುಮನೆ, ರಂಗಮಂದಿರ ತಲುಪಿದವರ ರೂಪಕಗಳು. ಅರಿಕೇಸರಿಯ ಕಾಲಾಳು ಭಾರತದ ಕಥೆಯನ್ನು ತನಗೆ ಬೇಕಾದಂತೆ ಹೇಗೆ ತಿದ್ದಿ ಹೇಳಿಕೊಂಡಿದ್ದನೆಂದು ತಿಳಿಯುವ ದಾರಿ ಇಲ್ಲ. ಆದರೂ ಅಧಿಕೃತ ದಾಖಲೆಗೆ ಒಂದು ದೌರ್ಬಲ್ಯ ಇದೆ: ತೀರ್ಮಾನವಾದ ಮೇಲಷ್ಟೇ ಅದು ಬರೆಯುತ್ತದೆ. ಯಾರಿಗೆ ಪಟ್ಟ, ಯಾರಿಗೆ ನೌಕರಿ, ಯಾರಿಗೆ ನೆಲ ಎಂಬುದು ಇನ್ನೂ ಇತ್ಯರ್ಥವಾಗದೆ ಜನ ಒಳಗೊಳಗೇ ಕುದಿಯುತ್ತಿದ್ದ ಹಂತವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಥೆಗೆ ಹೆಚ್ಚು. ಹಾಗಾಗಿ ಇಂದು ಯಾರಾದರೂ ಹಳೆಯ ಕಥೆಯೊಂದನ್ನು ಹೊಸದಾಗಿ ಹೇಳಿದಾಗ, ಈ ಪಾತ್ರ ಯಾವ ಮಂತ್ರಿ ಎಂದು ಪಿಸುಗುಡುವುದಕ್ಕೆ ಮುಂಚೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಓದುವುದು ಒಳ್ಳೆಯದು. ಎರಡೂ ಬೇರೆಯಾಗುವ ಸಾಲಿನಲ್ಲಿ ನಮ್ಮ ಕಾಲ ಇನ್ನೂ ತೀರ್ಮಾನಿಸದ ಪ್ರಶ್ನೆ ಇರುತ್ತದೆ, ಅದರ ಉತ್ತರ ಗೆಜೆಟ್ಟಿನಲ್ಲಿ ಬರುವುದು ಆಮೇಲೆ.